ಜಗಲಿಯ ಮಾತು: ಹೋಗಿ ಬಂದವರು, ಹೋಗಿ ನಿಂತವರು



ನಮ್ಮ ಕುಂದಾಪುರದ ಮಳೆಗೆ ಒಂದು ಗುಣವುಂಟು. ಅದು ಮನುಷ್ಯರನ್ನು ಹೊರಗೆ ಹೋಗಗೊಡದೆ ಜಗಲಿಯಲ್ಲಿ ಕುಳ್ಳಿರಿಸಿ, ಒಳಗಿನ ಮಾತನ್ನು ಹೊರಗೆ ತರಿಸುತ್ತದೆ. ಕಳೆದ ಆಷಾಢದ ಒಂದು ಸಾಯಂಕಾಲ ಅಂಥ ಮಳೆಯಲ್ಲಿ ತೊಯ್ದುಕೊಂಡು ನನ್ನ ಹಳೆಯ ಶಿಷ್ಯೆಯೊಬ್ಬಳು ನಮ್ಮ ಮನೆಗೆ ಬಂದಳು. ಬ್ರಹ್ಮಾವರದ ಸಮೀಪದ ಕ್ರೈಸ್ತ ಮನೆತನದವಳು. ಹೈಸ್ಕೂಲಿನಲ್ಲಿ ಮೂರು ವರ್ಷ ನನ್ನಲ್ಲಿ ಸಂಸ್ಕೃತ ಓದಿದವಳು. ಶಬ್ದರೂಪಗಳನ್ನು ಒಂದು ತಪ್ಪಿಲ್ಲದೆ ಒಪ್ಪಿಸುತ್ತಿದ್ದ ಆ ಹುಡುಗಿಯು ಈಗ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದಾಳೆ. ನನ್ನ ಮನೆಯಾಕೆಯು ಕೊಟ್ಟ ಚಹವನ್ನು ಕೈಯಲ್ಲಿ ಹಿಡಿದುಕೊಂಡು, ಕುಡಿಯದೆ, ಬಹಳ ಹೊತ್ತು ಅಂಗಳದ ನೀರನ್ನೇ ನೋಡುತ್ತ ಕುಳಿತಳು.

“ಆಯ್ತಾರ ಇಗರ್ಜಿಯಲ್ಲಿ ಮಾತಾಡಬೇಕೆಂದು ಹೇಳಿದ್ದಾರೆ. ಎಂತ ಹೇಳೂದಂದ್ ಗೊತ್ತಾತಿಲ್ಲೆ, ಮಾಷ್ಟ್ರೆ” ಎಂದಳು.

ಸಂಗತಿಯು ಇಷ್ಟು. ಬೆಂಗಳೂರಿನಲ್ಲಿ ಅವಳು ಹೋಗುವ ಇಗರ್ಜಿಯ ತರುಣ ತರುಣಿಯರು ಹದಿನೆಂಟು ಮಂದಿ ಕೂಡಿ, ಕಳೆದ ಬೇಸಗೆಯಲ್ಲಿ ಹನ್ನೆರಡು ದಿನಗಳ ಮಟ್ಟಿಗೆ ಶ್ರೀಲಂಕೆಯ ಬೆಟ್ಟದ ಸೀಮೆಗೆ, ಚಹದ ತೋಟಗಳ ಕೂಲಿಕಾರರ ನಡುವೆ ಸೇವೆ ಮಾಡುವುದಕ್ಕೆಂದು ಹೋಗಿದ್ದರು. ‘ಮಿಶನ್ ಯಾತ್ರೆ’ ಎಂದು ಅದಕ್ಕೆ ಹೆಸರು. ವಿಮಾನದ ವೆಚ್ಚವನ್ನು ಅರ್ಧ ತಾವೇ ಭರಿಸಿ, ಇನ್ನರ್ಧವನ್ನು ಬಂಧುಮಿತ್ರರಿಂದ ಕೂಡಿಸಿದ್ದರು. ಹಣ ಕೊಟ್ಟವರಿಗೆ ವರದಿಯನ್ನೊಪ್ಪಿಸುವುದು ಧರ್ಮವಷ್ಟೆ. ಊರಿನ ಇಗರ್ಜಿಯವರೂ ಸ್ವಲ್ಪ ಕೊಟ್ಟಿದ್ದರಾದುದರಿಂದ, ರಜೆಯಲ್ಲಿ ಬಂದಾಗ ಇಲ್ಲಿಯೂ ನಾಲ್ಕು ಮಾತು ಹೇಳಬೇಕೆಂದು ಅವಳಿಗೆ ಹೇಳಿಕಳುಹಿಸಿದ್ದರು.

“ಹೋಗಿ ಒಳ್ಳೆಯ ಕೆಲಸ ಮಾಡಿಬಂದಿರುವೆ. ಹೇಳುವುದಕ್ಕೆ ಸಂಕೋಚವೇಕೆ?” ಎಂದು ನಾನು ಕೇಳಿದೆನು.

ಅವಳು ಮೂರು ಸಂಗತಿಗಳನ್ನು ಹೇಳಿದಳು. ಅವನ್ನು ಅವಳ ಅನುಮತಿಯಿಂದಲೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು: ಅವರು ಹೋದ ತೋಟದ ಶಾಲೆಯ ಗೋಡೆಗಳಿಗೆ ನಾಲ್ಕು ದಿನ ಬಣ್ಣ ಹಚ್ಚಿದರು. ಮೂರನೆಯ ದಿನ ಅವಳ ಕಣ್ಣಿಗೆ ಬಿದ್ದುದೇನೆಂದರೆ, ಒಬ್ಬ ಮನುಷ್ಯನು ಪ್ರತಿದಿನವೂ ಶಾಲೆಯ ಬೇಲಿಯಾಚೆ ನಿಂತು ನೋಡಿ ಹೋಗುತ್ತಿದ್ದನು. ವಿಚಾರಿಸಲಾಗಿ ಅವನು ಆ ಊರಿನ ಬಣ್ಣದ ಕೆಲಸದವನೆಂದು ತಿಳಿಯಿತು. ಅವನು ಬೈಯಲಿಲ್ಲ, ಬೇಡಲಿಲ್ಲ. ಒಂದು ಸಲ ಮಾತ್ರ, ಕುಂಚವನ್ನು ಹೀಗೆ ಹಿಡಿದರೆ ಬಣ್ಣವು ಸೋರುವುದಿಲ್ಲವೆಂದು ಕೈಸನ್ನೆಯಿಂದ ತೋರಿಸಿಕೊಟ್ಟನಂತೆ.

ಎರಡನೆಯದು: ಎರಡು ದಿನ ಆರೋಗ್ಯ ಶಿಬಿರವನ್ನು ನಡೆಯಿಸಿದರು. ದಾದಿಯಾದುದರಿಂದ ಆ ಭಾರವು ಇವಳದೇ. ರಕ್ತದೊತ್ತಡವು ಹೆಚ್ಚಾಗಿದ್ದವರಿಗೆ, ಜೊತೆಯಲ್ಲಿದ್ದ ವೈದ್ಯರ ಸೂಚನೆಯಂತೆ, ಒಂದು ತಿಂಗಳಿಗೆ ಸಾಕಾಗುವ ಗುಳಿಗೆಗಳನ್ನು ಕೊಟ್ಟರು. ರಕ್ತದೊತ್ತಡವು ಜ್ವರದಂತೆ ಬಂದು ಹೋಗುವ ರೋಗವಲ್ಲ. ನೋವಿಲ್ಲದೆ ಒಳಗೊಳಗೇ ಇದ್ದು ಹೃದಯವನ್ನೂ ಮೂತ್ರಪಿಂಡವನ್ನೂ ಕೆಡಿಸತಕ್ಕುದು. ಅದಕ್ಕೆ ಸಾಮಾನ್ಯವಾಗಿ ಜನ್ಮವಿಡೀ ಔಷಧ ಬೇಕು. ಗುಳಿಗೆ ನಿಂತರೆ ಒತ್ತಡವು ಮತ್ತೆ ಏರುವುದು. “ಎರಡನೆಯ ತಿಂಗಳು ಅವರು ಏನು ಮಾಡಿದರು ಮಾಷ್ಟ್ರೆ? ಅವರೆಲ್ಲರ ಹೆಸರೂ ಒತ್ತಡದ ಅಂಕೆಯೂ ಬರೆದ ಕಾಗದವನ್ನು ಅಲ್ಲಿನ ಸರಕಾರಿ ಆಸ್ಪತ್ರೆಗೆ ಕೊಡಬೇಕಾಗಿತ್ತು. ಹೊರಡುವ ಗಡಿಬಿಡಿಯಲ್ಲಿ ಅದು ನನ್ನ ಚೀಲದಲ್ಲಿಯೇ ಉಳಿಯಿತು. ಈಗಲೂ ಇದೆ” ಎಂದಳು.

ಮೂರನೆಯದನ್ನು ಹೇಳುವಾಗ ಅವಳ ಕಂಠವು ಕಟ್ಟಿತು. ಶಿಬಿರಕ್ಕೆ ಬಂದ ಒಬ್ಬ ಮುದುಕಿಯು ಇವಳನ್ನು ತನ್ನ ಬಿಡಾರಕ್ಕೆ ಕರೆದೊಯ್ದು ಚಹ ಕೊಟ್ಟಳಂತೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ಕಲಿತ ತಮಿಳಿನಿಂದ ಇವಳು ಹೇಗೋ ಮಾತನಾಡಿದಳು. ಊರು ಮಂಗಳೂರಿನ ಕಡೆಯೆಂದು ತಿಳಿದೊಡನೆ ಮುದುಕಿಯು ಇವಳ ಎರಡು ಕೈಗಳನ್ನೂ ಹಿಡಿದುಕೊಂಡು, ಐವತ್ತು ವರ್ಷಗಳ ಹಿಂದೆ ತನ್ನ ತಂಗಿಯನ್ನು ಗಂಡನೊಡನೆ ಹಡಗು ಹತ್ತಿಸಿ ಕಳುಹಿಸಿಬಿಟ್ಟರೆಂದೂ, ಮಂಗಳೂರಿನ ಕಡೆಯ ಸುಳ್ಯದ ರಬ್ಬರು ತೋಟದಲ್ಲಿ ಇದ್ದಾಳೆಂದು ಮೊದಮೊದಲು ಕಾಗದ ಬರುತ್ತಿತ್ತೆಂದೂ, ಆಮೇಲೆ ಏನೂ ತಿಳಿಯದೆಂದೂ ಹೇಳಿದಳು. “ನೀನು ಆ ಊರಿನವಳೇ ಅಲ್ಲವೆ? ನೋಡಿ ಬಾ” ಎಂದಳು. ಇವಳು ತಲೆಯಾಡಿಸಿದಳು. ಹೊರಡುವಾಗ ತಮಿಳಿನ ವಾಡಿಕೆಯಂತೆ “ಪೋಯಿಟ್ಟು ವರೇನ್,” ಎಂದರೆ ಹೋಗಿ ಬರುತ್ತೇನೆ, ಎಂದಳು. ಮುದುಕಿಯು ಕೂಡಲೇ “ಯಾವಾಗ?” ಎಂದು ಕೇಳಿದಳಂತೆ.

“ಬರುವ ವರ್ಷ ಎಂದುಬಿಟ್ಟೆ, ಮಾಷ್ಟ್ರೆ. ಸುಮ್ಮನೆ ಎಂದೆ. ಬಂದು ಮೂರು ತಿಂಗಳಾಯಿತು. ಸುಳ್ಯಕ್ಕೂ ಹೋಗಲಿಲ್ಲ.”

*

ವಾಚಕರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ಮತಪ್ರಚಾರವು ಸರಿಯೋ ತಪ್ಪೋ ಎಂಬ ದೊಡ್ಡ ಚರ್ಚೆಯು ಬೇರೆ. ಅದನ್ನು ನಾನು ಈ ಜಗಲಿಗೆ ತರುವುದಿಲ್ಲ. ನನ್ನ ಪ್ರಶ್ನೆಯು ಯಾವ ಮತದವರಿಗೂ ಸಲ್ಲತಕ್ಕ ಸಣ್ಣ ಪ್ರಶ್ನೆ. ಹತ್ತು ಹನ್ನೆರಡು ದಿನಗಳ ಮಟ್ಟಿಗೆ ಪರದೇಶಕ್ಕೋ ಪರವೂರಿಗೋ ಹೋಗಿ ಸೇವೆ ಮಾಡಿ ಬರುವುದು ಸೇವೆಯೇ?

ಇಂಥ ಸಣ್ಣ ಯಾತ್ರೆಗಳು ಹೊಸವು. 1957ರ ಬೇಸಗೆಯ ರಜೆಯಲ್ಲಿ ಜಾರ್ಜ್ ವರ್ವರ್ ಎಂಬ ಅಮೇರಿಕೆಯ ವಿದ್ಯಾರ್ಥಿಯು ಇಬ್ಬರು ಮಿತ್ರರೊಡನೆ ಮೆಕ್ಸಿಕೋ ದೇಶಕ್ಕೆ ಹೋಗಿ ಧರ್ಮಗ್ರಂಥಗಳನ್ನು ಹಂಚಿಬಂದನು. 1960ರಲ್ಲಿ ಲೊರೆನ್ ಕನಿಂಗ್‌ಹ್ಯಾಮ್ ಎಂಬವನು ತರುಣರನ್ನು ಹೀಗೆ ಕಳುಹಿಸುವುದಕ್ಕೆಂದೇ ಒಂದು ಸಂಸ್ಥೆಯನ್ನು ಕಟ್ಟಿದನು. ವಿಮಾನಯಾನವು ಅಗ್ಗವಾದಂತೆ ಆ ಪದ್ಧತಿಯು ಲೋಕವೆಲ್ಲ ಹಬ್ಬಿತು. ಅದನ್ನು ಆಕ್ಷೇಪಿಸಿದವರೂ ಕ್ರೈಸ್ತರೊಳಗೇ ಇದ್ದರು. ಇವಾನ್ ಇಲಿಚ್ ಎಂಬ ಪಾದ್ರಿಯು 1968ರಲ್ಲಿ ಮೆಕ್ಸಿಕೋದಲ್ಲಿಯೇ, ರಜೆಯ ಸೇವೆಗೆಂದು ಬರುತ್ತಿದ್ದ ಅಮೇರಿಕೆಯ ವಿದ್ಯಾರ್ಥಿಗಳ ಮುಂದೆ ನಿಂತು, ನೋಡುವುದಕ್ಕೆ ಬನ್ನಿ, ಕಲಿಯುವುದಕ್ಕೆ ಬನ್ನಿ, ಉದ್ಧರಿಸುವುದಕ್ಕೆ ಮಾತ್ರ ಬರಬೇಡಿರಿ ಎಂಬ ಅಭಿಪ್ರಾಯವನ್ನು ಬಹು ಕಟುವಾಗಿ ಹೇಳಿದನು.

ಹಿಂದಿನವರ ರೀತಿ ಬೇರೆಯಾಗಿತ್ತು. ಅದಕ್ಕೆ ದೂರದ ದೃಷ್ಟಾಂತವು ಬೇಡ. ನಮ್ಮ ಕುಂದಾಪುರದ ಹಾದಿಗಳಲ್ಲಿ ಬರಿಗಾಲಿನಲ್ಲಿ ನಡೆದವನೊಬ್ಬನು ಇದ್ದಾನೆ. ಗೋವೆಯ ಬೆನೌಲಿಮಿನಲ್ಲಿ 1651ರಲ್ಲಿ ಹುಟ್ಟಿದ ಜೋಸೆಫ್ ವಾಜ್ ಎಂಬ ಕೊಂಕಣಿ ಪಾದ್ರಿಯು 1681ರಿಂದ 1684ರವರೆಗೆ ಕನ್ನಡ ಕರಾವಳಿಯ ಇಗರ್ಜಿಗಳ ಮೇಲ್ವಿಚಾರಣೆಗೆ ಬಂದು, ಕುಂದಾಪುರ ಗಂಗೊಳ್ಳಿಗಳಲ್ಲಿಯೂ ಇದ್ದು ಕೆಲಸ ಮಾಡಿದನು. ಆಗ ಈ ಸೀಮೆಯನ್ನು ಆಳುತ್ತಿದ್ದವಳು ಕೆಳದಿಯ ರಾಣಿ ಚೆನ್ನಮ್ಮಾಜಿ. ಐದು ಹೊಳೆಗಳು ಕೂಡುವ ನಮ್ಮ ಗಂಗೊಳ್ಳಿಯ ಅಳಿವೆಯನ್ನು ಆತನೂ ಎಷ್ಟು ಸಲ ದೋಣಿಯಲ್ಲಿ ದಾಟಿರಬಹುದೋ! ಆದರೆ ಆತನ ಮನಸ್ಸು ಸಿಂಹಳದ್ವೀಪದ ಕಡೆಗಿತ್ತು. ಅಲ್ಲಿ ಪೋರ್ಚುಗೀಸರನ್ನು 1658ರಲ್ಲಿ ಹೊರಹಾಕಿದ ಡಚ್ಚರು ಕಥೋಲಿಕ ಪಾದ್ರಿಗಳು ಕಾಲಿಡಕೂಡದೆಂದು ಕಟ್ಟುಮಾಡಿದ್ದರು.

1687ರಲ್ಲಿ ವಾಜನು ಜಾನ್ ಎಂಬ ಒಬ್ಬ ಸೇವಕನೊಡನೆ, ಕೂಲಿಯವನ ವೇಷದಲ್ಲಿ, ತೂತುಕುಡಿಯಿಂದ ಹಡಗು ಹತ್ತಿ ಲಂಕೆಗೆ ಹೋದನು. ಯಾಳ್ಪಾಣದಲ್ಲಿ ಆಮಶಂಕೆಯಿಂದ ಸಾಯುವಂತಾಗಿ, ಯಾರೋ ಪುಣ್ಯವಂತರು ಕೊಟ್ಟ ಗಂಜಿಯಿಂದ ಬದುಕಿದನು. 1692ರಲ್ಲಿ ಬೆಟ್ಟದ ರಾಜಧಾನಿಯಾದ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂಬ ಸಂಶಯದಿಂದ ಸೆರೆಯಲ್ಲಿಟ್ಟರು. ತಮಿಳಿನೊಡನೆ ಸಿಂಹಳವನ್ನೂ ಕಲಿತನು. ಬೌದ್ಧನಾದ ಅರಸು ಎರಡನೆಯ ವಿಮಲಧರ್ಮಸೂರ್ಯನು ಕಾಲಕ್ರಮದಲ್ಲಿ ಅವನಿಗೆ ಆಶ್ರಯ ಕೊಟ್ಟನು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬಿನ ಮಾರಿ ಎದ್ದು, ಜನರು ರೋಗಿಗಳನ್ನು ಬಿಟ್ಟು ಓಡತೊಡಗಿದಾಗ, ಆತನು ಜೊತೆಗಾರನೊಬ್ಬನೊಡನೆ ಅಲ್ಲಿಯೇ ನಿಂತು, ಬಿದ್ದವರ ವ್ರಣಗಳನ್ನು ತೊಳೆದು, ಸತ್ತವರನ್ನು ಹೂಳಿದನು. ಅವರಲ್ಲಿ ತನ್ನ ಮತದವರು ಯಾರು, ಅಲ್ಲದವರು ಯಾರು ಎಂದು ನೋಡಲಿಲ್ಲ. ಹೀಗೆ ಇಪ್ಪತ್ತನಾಲ್ಕು ವರ್ಷಗಳು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿಯೇ ತೀರಿಕೊಂಡನು. ಗೋವೆಗೆ ಹಿಂದಿರುಗಲೇ ಇಲ್ಲ. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಕೊಲಂಬೊ ನಗರದಲ್ಲಿ ಆತನನ್ನು ಸಂತನೆಂದು ಘೋಷಿಸಿದರು.

ನನ್ನ ಶಿಷ್ಯೆಯು ಹನ್ನೆರಡು ದಿನ ಇದ್ದುದು ಅದೇ ಬೆಟ್ಟದ ಸೀಮೆಯಲ್ಲಿ. ವಾಜನ ಹೆಸರನ್ನು ಹೇಳಿದಾಗ ಅವಳು ನಕ್ಕು, “ಅವರೊಡನೆ ನನ್ನನ್ನು ತೂಗಬೇಡಿ ಮಾಷ್ಟ್ರೆ, ತಕ್ಕಡಿ ಮುರಿದೀತು” ಎಂದಳು. ತೂಗುವುದಕ್ಕಾಗಿ ನಾನು ಹೇಳಿದುದಲ್ಲ. ಎಲ್ಲರೂ ಇಪ್ಪತ್ತನಾಲ್ಕು ವರ್ಷ ಪರದೇಶದಲ್ಲಿ ನಿಲ್ಲಬೇಕೆಂದರೆ ಮನೆಮಠಗಳು ನಡೆಯವು. ನಿಂತವರೊಳಗೂ ಸಮುದ್ರ ದಾಟಿದವರೇ ಇರಬೇಕೆಂದಿಲ್ಲ. ಗೋವೆಯಿಂದ ಬ್ರಹ್ಮಾವರಕ್ಕೆ ಬಂದ ನೊರೊನ್ಹಾ ಪಾದ್ರಿಗಳು 1936ರಲ್ಲಿ ಕಣ್ಮುಚ್ಚುವವರೆಗೂ ಅದೇ ನೆಲದಲ್ಲಿದ್ದರೆಂಬುದನ್ನು ಅವಳ ಅಜ್ಜಿಯೇ ಅವಳಿಗೆ ಹೇಳಿದ್ದರಂತೆ. ಹೋದವನು ಅಲ್ಲಿ ಏನಾಗಿ ಇರುತ್ತಾನೆ ಎಂಬುದನ್ನು ತಿಳಿಯುವುದಕ್ಕೆ ಮಾತ್ರ ಇಂಥವರ ಕಥೆಯು ಬೇಕು.

*

ಸಂಸ್ಕೃತ ಕಲಿಸಿದವನ ಚಾಳಿ. ಶಬ್ದದ ಬೇರನ್ನು ಕೆದಕದೆ ಸಮಾಧಾನವಿಲ್ಲ. ‘ಮಿಶನ್’ ಎಂಬುದಕ್ಕೆ ಲ್ಯಾಟಿನ್ ಮೂಲದಲ್ಲಿ ‘ಕಳುಹಿಸುವುದು’ ಎಂದರ್ಥ. ನಮ್ಮ ‘ಸೇವೆ’ಯಾದರೋ ‘ಸೇವ್’ ಎಂಬ ಧಾತುವಿನಿಂದ ಬಂದುದು. ಉಪಚರಿಸುವುದೆಂಬ ಅರ್ಥವು ಅದಕ್ಕೆ ಇರುವಂತೆಯೇ, ಬಳಿಯಲ್ಲಿ ಇರುವುದು, ಒಂದೆಡೆಯನ್ನು ಬಿಡದೆ ಆಶ್ರಯಿಸಿಕೊಂಡಿರುವುದು ಎಂಬ ಅರ್ಥವೂ ಉಂಟು. ‘ಉಪಾಸನೆ’ ಎಂದರೂ ಹತ್ತಿರ ಕುಳಿತಿರುವುದೇ. ಒಂದು ಶಬ್ದವು ಹೊರಡುವವನನ್ನು ನೋಡುತ್ತದೆ. ಇನ್ನೊಂದು ಇರುವವನನ್ನು ನೋಡುತ್ತದೆ. ಕಳುಹಿಸಲ್ಪಟ್ಟವನು ಬಳಿಯಲ್ಲಿ ಇರದಿದ್ದರೆ ಸೇವೆಯಾಗುವುದು ಹೇಗೆ?

ಹಾಗಾದರೆ ಬಂದು ಹೋಗುವವರಿಗೆಲ್ಲ ಬೆಲೆಯಿಲ್ಲವೆ? ಹಾಗೆ ಹೇಳಲಾಗದು. ‘ಅತಿಥಿ’ ಎಂದರೆ ತಿಥಿಯನ್ನು ಗೊತ್ತುಮಾಡದೆ ಬಂದವನೆಂದು ಹಿರಿಯರು ಅರ್ಥ ಹೇಳುತ್ತಾರೆ. ಒಂದು ರಾತ್ರಿ ಇದ್ದು ಹೋಗುವವನೇ ಅತಿಥಿ. ಅವನಿಗೆ ನಮ್ಮಲ್ಲಿ ದೇವರ ಸ್ಥಾನವುಂಟು. ಮಂದಾರ್ತಿಯ ಮೇಳ, ಮಾರಣಕಟ್ಟೆಯ ಮೇಳಗಳನ್ನೇ ನೋಡಿರಿ. ಸಂಜೆಗೆ ಬಂದು, ಗದ್ದೆಯಲ್ಲಿ ರಂಗಸ್ಥಳವನ್ನು ಕಟ್ಟಿ, ರಾತ್ರಿ ಹರಕೆಯ ಆಟವನ್ನು ಆಡಿ, ಮುಂದಿನ ಊರಿಗೆ ಹೋಗುತ್ತವೆ. ನಮ್ಮನ್ನು ಬಿಟ್ಟು ಹೋದರೆಂದು ಯಾರೂ ದೂರುವುದಿಲ್ಲ. ಏಕೆಂದರೆ ಮೇಳದವರು ಆಟವನ್ನು ಆಡುತ್ತೇವೆಂದು ಬಂದರು, ಆಡಿದರು, ಹೋದರು. ನಿಮ್ಮ ಬಡತನವನ್ನು ನೀಗುತ್ತೇವೆಂದು ಹೇಳಲಿಲ್ಲ. ಕಣ್ಣಿನ ಪೊರೆಯನ್ನು ತೆಗೆಯುವ ಶಿಬಿರಗಳೂ ಹಾಗೆಯೇ. ನುರಿತ ವೈದ್ಯನು ಸ್ವಲ್ಪ ಹೊತ್ತಿನಲ್ಲಿ ಮಾಡಿದ ಶಸ್ತ್ರಕ್ರಿಯೆಯಿಂದ ಮುದುಕನೊಬ್ಬನು ಬದುಕಿರುವವರೆಗೆ ಮೊಮ್ಮಕ್ಕಳ ಮುಖವನ್ನು ನೋಡುವನು. ಆಮೇಲಿನ ಕೆಲವು ವಾರ ಕಣ್ಣಿಗೆ ಔಷಧ ಹಾಕಿ ನೋಡಿಕೊಳ್ಳುವವರು ಇದ್ದರೆ ಸಾಕು. ಕೆಲಸವು ಅಲ್ಪಕಾಲದಲ್ಲಿ ಮುಗಿಯತಕ್ಕುದಾದರೆ ಅಲ್ಪಕಾಲ ಇರುವುದು ದೋಷವಲ್ಲ. ರಕ್ತದೊತ್ತಡವಾಗಲಿ ಅಕ್ಷರಾಭ್ಯಾಸವಾಗಲಿ ಅಂಥವುಗಳಲ್ಲ. ಅಲ್ಪಕಾಲದಲ್ಲಿ ಮುಗಿಯದ ಕೆಲಸವನ್ನು ಮುಗಿದಂತೆ ತೋರಿಸಿ ಹೊರಡುವುದೇ ದೋಷ.

ಇದನ್ನು ಅಧಿಕಾರದಿಂದ ಹೇಳುವ ಯೋಗ್ಯತೆ ನನಗೆ ಉಂಟು, ವಾಚಕರೇ, ಪಂಡಿತನೆಂದಲ್ಲ, ತಪ್ಪಿದವನೆಂದು.

1990ರ ದಶಕದ ಆರಂಭದಲ್ಲಿ, ನಮ್ಮ ಉಡುಪಿ ಜಿಲ್ಲೆಯು ಇನ್ನೂ ಬೇರೆಯಾಗದಿದ್ದಾಗ, ದಕ್ಷಿಣಕನ್ನಡದಲ್ಲಿ ಸಂಪೂರ್ಣ ಸಾಕ್ಷರತೆಯ ಆಂದೋಲನವು ನಡೆಯಿತು. ಆಗ ನಾನು ತರುಣ ಮಾಸ್ತರ, ಉತ್ಸಾಹಕ್ಕೆ ಮಿತಿಯಿರಲಿಲ್ಲ. ಬೈಂದೂರಿನ ಪೂರ್ವಕ್ಕೆ, ಘಟ್ಟದ ಬುಡದ ಒಂದು ಹಾಡಿಯೊಳಗೆ ಏಳೆಂಟು ಮನೆಗಳು. ದಿನಾ ಸಂಜೆ ಲಾಟೀನು ಹಿಡಿದು ಅಲ್ಲಿಗೆ ಹೋಗುತ್ತಿದ್ದೆನು. ಕಲಿಯುವುದಕ್ಕೆ ಬಂದವರಲ್ಲಿ ನಲವತ್ತು ವರ್ಷದ ಒಬ್ಬ ಹೆಂಗಸು. ಕತ್ತಿ ಹಿಡಿದು ಸೊಪ್ಪು ಕೊಯ್ಯುವ ಕೈ, ಬಳಪವನ್ನು ಹಿಡಿದರೆ ನಡುಗುತ್ತಿತ್ತು. ಅವರ ಹೆಸರಿಗೆ ನಾಲ್ಕಕ್ಷರ. ನನ್ನ ಸರದಿಯು ಮುಗಿಯುವುದರೊಳಗೆ ಎರಡನ್ನು ಬರೆಯಲು ಕಲಿತರು. ಕಡೆಯ ದಿನ ಕಲ್ಲು ಸ್ಲೇಟನ್ನು ಅವರಿಗೇ ಕೊಟ್ಟು, “ಮುಂದಿನ ತಿಂಗಳು ಬಂದು ಉಳಿದೆರಡನ್ನು ಹೇಳಿಕೊಡುವೆನು” ಎಂದೆನು.

ಮುಂದಿನ ತಿಂಗಳು ಪರೀಕ್ಷೆ. ಅದರ ಮುಂದಿನ ತಿಂಗಳು ನನ್ನ ಮದುವೆಯ ಮಾತು. ಅದರ ಮೇಲೆ ವರ್ಗಾವಣೆ. ನೆವಗಳಿಗೆ ಬರವುಂಟೆ? ಹದಿನೈದು ವರ್ಷಗಳಾದ ಮೇಲೆ ಬೈಂದೂರಿನ ಬಸ್ಸುನಿಲ್ದಾಣದಲ್ಲಿ ಒಬ್ಬ ಯುವಕನು ನನ್ನ ಗುರುತು ಹಿಡಿದು ನಮಸ್ಕರಿಸಿದನು. ಆ ತಾಯಿಯ ಮಗ. ತಾಯಿಯು ಸೊಸೈಟಿಯಲ್ಲಿ ಅಕ್ಕಿ ತರುವಾಗ ಈಗಲೂ ಹೆಬ್ಬೆಟ್ಟನ್ನೇ ಒತ್ತುತ್ತಾರೆಂದೂ, ಬೇರೆ ಯಾರಾದರೂ ಕಲಿಸುವುದಕ್ಕೆ ಬಂದರೆ ‘ನಮ್ಮ ಮಾಸ್ತರರು ಬರುತ್ತೇನೆಂದಿದ್ದಾರೆ’ ಎಂದು ಹೇಳಿ ಒಲ್ಲೆನೆನ್ನುತ್ತಿದ್ದರೆಂದೂ ನಗುತ್ತ ಹೇಳಿದನು. ಅವನಿಗೆ ಅದು ನಗೆಯ ಮಾತು. ನಾನು ಮಾತ್ರ ಆ ಬಸ್ಸನ್ನು ಬಿಟ್ಟು ಮುಂದಿನ ಬಸ್ಸಿಗೆ ಹೋದೆನು, ಕಾಲು ಏಳಲಿಲ್ಲ. ನಾನು ಕಲಿಸಿದ ಎರಡಕ್ಷರಕ್ಕಿಂತ, ನನ್ನ ಮಾತನ್ನು ನಂಬಿ ಅವರು ಕಲಿಯದೆ ಬಿಟ್ಟ ಎರಡಕ್ಷರದ ತೂಕವೇ ಹೆಚ್ಚಾಯಿತು.

ನಮ್ಮ ಭಾಷೆಯಲ್ಲಿ ಮನೆಯಿಂದ ಹೊರಡುವವನು ‘ಹೋಗುತ್ತೇನೆ’ ಎನ್ನಬಾರದು. ‘ಹೋಗಿ ಬರುತ್ತೇನೆ’ ಎನ್ನಬೇಕು. ಕುಂದಾಪುರದ ಮಕ್ಕಳಿಗೂ ‘ಹೋಯ್ ಬತ್ತೆ’ ಎಂದೇ ಕಲಿಸುತ್ತೇವೆ. ತಮಿಳರದೂ ಅದೇ ರೂಢಿ. ಇದನ್ನು ನಾವು ಬರಿಯ ಉಪಚಾರವೆಂದು ತಿಳಿದಿದ್ದೇವೆ. ಆದರೆ ಕೇಳುವವನು ಬಡವನಾಗಿ, ಆಡುವವನು ದೂರದಿಂದ ಬಂದ ದೊಡ್ಡ ಮನುಷ್ಯನಾಗಿದ್ದರೆ ಅದು ಉಪಚಾರವಾಗಿ ಉಳಿಯುವುದಿಲ್ಲ, ವಾಗ್ದಾನವಾಗುತ್ತದೆ. ಆ ಮುದುಕಿಯು “ಯಾವಾಗ?” ಎಂದು ಕೇಳಿದುದು ಅದಕ್ಕಾಗಿಯೇ.

*

ನನ್ನ ಕಥೆಯನ್ನು ಕೇಳಿದ ಮೇಲೆ ಶಿಷ್ಯೆಯು ತಣ್ಣಗಾಗಿದ್ದ ಚಹವನ್ನು ಒಂದೇ ಗುಟುಕಿಗೆ ಕುಡಿದಳು. ಸುಳ್ಯದಲ್ಲಿ ಸಿಂಹಳದ ತಮಿಳರು ಇರುವುದು ನಿಜವೇ ಎಂದು ಕೇಳಿದಳು. ನಿಜವೇ. ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನಿಂದ ಲಂಕೆಯ ಕಾಫಿ ಚಹದ ತೋಟಗಳಿಗೆ ಕೂಲಿಗೆಂದು ಒಯ್ದವರ ಸಂತತಿಗೆ, ಸ್ವಾತಂತ್ರ್ಯ ಬಂದ 1948ರಲ್ಲಿ, ಆ ದೇಶವು ಪೌರತ್ವವನ್ನು ನಿರಾಕರಿಸಿತು. 1964ರ ಅಕ್ಟೋಬರಿನಲ್ಲಿ ನಮ್ಮ ಪ್ರಧಾನಿ ಲಾಲ ಬಹಾದುರ ಶಾಸ್ತ್ರಿಗಳೂ ಆ ದೇಶದ ಪ್ರಧಾನಿ ಸಿರಿಮಾವೋ ಬಂಡಾರನಾಯಕೆಯವರೂ ಮಾಡಿಕೊಂಡ ಒಪ್ಪಂದದಂತೆ, 5,25,000 ಜನರನ್ನು ಭಾರತವೂ 3,00,000 ಜನರನ್ನು ಸಿಂಹಳವೂ ಸ್ವೀಕರಿಸುವುದೆಂದಾಯಿತು. ಉಳಿದ 1,50,000 ಜನರ ಲೆಕ್ಕವನ್ನು 1974ರಲ್ಲಿ ಸಮಪಾಲು ಮಾಡಿಕೊಂಡರು. ಕಾಗದದ ಮೇಲೆ ಅಂಕೆಗಳನ್ನು ಹಂಚುವುದು ಸುಲಭ. ಒಂದೇ ಬಿಡಾರದ ಅಕ್ಕತಂಗಿಯರನ್ನು ಹಂಚುವುದು ಹೇಗೆ? ಹಡಗು ಹತ್ತಿ ಬಂದವರಲ್ಲಿ ಹಲವರನ್ನು ಸುಳ್ಯ, ಪುತ್ತೂರು ಕಡೆಗಳಲ್ಲಿ ಅರಣ್ಯ ಇಲಾಖೆಯವರು ಬೆಳೆಯಿಸಿದ ರಬ್ಬರು ತೋಟಗಳಲ್ಲಿ ನೆಲೆಗೊಳಿಸಿದರು. ಮಕ್ಕಳು ಮೊಮ್ಮಕ್ಕಳೊಡನೆ ಅಂಥ ಮನೆತನಗಳು ಇಂದಿಗೂ ಅಲ್ಲಿವೆ.

ಸಮುದ್ರವನ್ನು ದಾಟಿ ಯಾರ ಸೇವೆಗೆ ನನ್ನ ಶಿಷ್ಯೆಯು ಹೋದಳೋ, ಅವರ ಒಡಹುಟ್ಟಿದವರೇ ಬ್ರಹ್ಮಾವರದಿಂದ ಬಸ್ಸಿನಲ್ಲಿ ಅರ್ಧ ದಿನದ ದಾರಿಯಲ್ಲಿದ್ದಾರೆ. ನಾವು ಯಾರೂ ಅದನ್ನು ಅವಳಿಗೆ ಪಾಠದಲ್ಲಿ ಹೇಳಿರಲಿಲ್ಲ.

ಆ ಭಾನುವಾರ ಅವಳು ಇಗರ್ಜಿಯಲ್ಲಿ ಮಾತನಾಡಲಿಲ್ಲ. ಇನ್ನು ಹದಿನೈದು ದಿನ ಅವಕಾಶ ಕೊಡಬೇಕೆಂದು ಪಾದ್ರಿಗಳನ್ನು ಕೇಳಿಕೊಂಡು, ತನ್ನ ತಂದೆಯೊಡನೆ ಸುಳ್ಯಕ್ಕೆ ಹೋದಳು. ಎರಡು ತೋಟಗಳಲ್ಲಿ ವಿಚಾರಿಸಿ, ಮೂರನೆಯದರಲ್ಲಿ ಮನೆಯು ಸಿಕ್ಕಿತು. ತಂಗಿಯು ನಾಲ್ಕು ವರ್ಷಗಳ ಹಿಂದೆಯೇ ತೀರಿಕೊಂಡಿದ್ದಳು. ಅವಳ ಮಗಳು ಇದ್ದಳು. ಗೋಡೆಯಲ್ಲಿ ತಾಯಿಯ ಭಾವಚಿತ್ರವಿತ್ತು. ಲಂಕೆಯ ತೋಟದ ಶಾಲೆಯ ಅಧ್ಯಾಪಕರಿಗೆ ಫೋನು ಮಾಡಿ, ಮುದುಕಿಯನ್ನು ಕರೆಯಿಸಿ, ಫೋನಿನ ಪರದೆಯಲ್ಲಿಯೇ ದೊಡ್ಡಮ್ಮನನ್ನೂ ಮಗಳನ್ನೂ ಮುಖಾಮುಖಿ ಮಾಡಿಸಿದಳು. ಸಾವಿನ ಸುದ್ದಿಯನ್ನು ಹೇಳಿದವಳು ಆ ಮಗಳೇ. ಬಹಳ ಹೊತ್ತು ಇಬ್ಬರೂ ಅತ್ತರಂತೆ. ಆಮೇಲೆ ಬಹಳ ಹೊತ್ತು ಮಾತನಾಡಿದರಂತೆ. ಇವಳಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಚೀಲದಲ್ಲಿದ್ದ ಹೆಸರುಗಳ ಕಾಗದವನ್ನೂ ಅದೇ ಅಧ್ಯಾಪಕರ ಮೂಲಕ ಅಲ್ಲಿನ ಸರಕಾರಿ ಆಸ್ಪತ್ರೆಗೆ ತಲಪಿಸಿದಳು. ಆ ದೇಶದಲ್ಲಿ ಸರಕಾರಿ ವೈದ್ಯವು ಧರ್ಮಾರ್ಥವಾಗಿದೆ. ಗುಳಿಗೆಯು ಅಲ್ಲಿಯೇ ಸಿಗುತ್ತಿತ್ತು. ಬೇಕಾಗಿದ್ದುದು ಆ ಕಾಗದವೊಂದೇ.

ಇಷ್ಟಾದ ಮೇಲೆ ಇಗರ್ಜಿಯಲ್ಲಿ ಮಾತನಾಡಿದಳು. ಬಣ್ಣದವನನ್ನು ಮರೆಮಾಚಲಿಲ್ಲ, ಕಾಗದವನ್ನೂ ಮರೆಮಾಚಲಿಲ್ಲ. ಕೇಳಿದವರಲ್ಲಿ ಕೆಲವರಿಗೆ ನಿರಾಶೆಯಾಯಿತೆಂದೂ, ತಾವು ಕೊಟ್ಟ ಹಣವು ವ್ಯರ್ಥವಾಯಿತೇ ಎಂದು ಒಬ್ಬರು ಕೇಳಿದರೆಂದೂ ಹೇಳಿದಳು. ಅದಕ್ಕೆ ಅವಳು, “ವ್ಯರ್ಥವಾಗದಂತೆ ಮಾಡುವುದಕ್ಕೆ ಇನ್ನೂ ಹೊತ್ತಿದೆ” ಎಂದಳಂತೆ. ಬಣ್ಣದವನ ಕೂಲಿಗೆ ಮಾತ್ರ ಏನು ಮಾಡಬೇಕೆಂದು ಅವಳಿಗೂ ತೋರಲಿಲ್ಲ, ನನಗೂ ತೋರಲಿಲ್ಲ.

ಗೃಹಸ್ಥರಾದ ವಾಚಕರೇ, ನಿಮ್ಮ ಮಕ್ಕಳೂ ನಾಳೆ ಎಲ್ಲಿಗಾದರೂ ಹೊರಟಾರು. ಮಿಶನ್ ಯಾತ್ರೆಗೇ ಆಗಬೇಕೆಂದಿಲ್ಲ. 1969ರಿಂದ ನಡೆದು ಬಂದಿರುವ ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನಗಳ ಶಿಬಿರಕ್ಕಾಗಬಹುದು, ನೆರೆ ಬಂದ ಊರಿಗಾಗಬಹುದು, ಮಠದ ಕಡೆಯಿಂದ ವನವಾಸಿಗಳ ಹಾಡಿಗಾಗಬಹುದು. ತಡೆಯಬೇಡಿರಿ, ಹೋಗಿ ನೋಡಿದವನ ಕಣ್ಣು ಮನೆಯಲ್ಲಿದ್ದವನಿಗೆ ಬಾರದು. ಆದರೆ ಬುತ್ತಿಯನ್ನು ಕಟ್ಟಿಕೊಡುವಾಗ ಮೂರು ಪ್ರಶ್ನೆಗಳನ್ನೂ ಕೂಡ ಕಟ್ಟಿಕೊಡಿರಿ. ಈ ಕೆಲಸವನ್ನು ಅಲ್ಲಿಯವರು ಕೇಳಿಕೊಂಡರೆ, ನೀವೇ ನಿಶ್ಚಯಿಸಿದಿರೆ? ನೀವು ಬಂದ ಮೇಲೆ ಅದನ್ನು ಮುಂದುವರಿಸುವವರು ಯಾರು? ಅಲ್ಲಿ ಯಾರಿಗೆ ಏನೆಂದು ಮಾತು ಕೊಟ್ಟು ಬಂದಿರಿ? ಮೂರನೆಯದನ್ನು ಅವರು ಮರಳಿದ ಮೇಲೆ ಇನ್ನೊಂದು ಸಲ ಕೇಳಿರಿ.

ನನ್ನನ್ನು ಕೇಳುವವರು ಯಾರೂ ಇರಲಿಲ್ಲ. ಈಗ ಶಿಷ್ಯೆಯು ಕೇಳಿದ್ದಾಳೆ. ಮೊನ್ನೆ ಫೋನಿನಲ್ಲಿ, “ನೀವು ಹೋದ್ರ್ಯಾ, ಮಾಷ್ಟ್ರೆ?” ಎಂದಳು. ಘಟ್ಟದ ಬುಡದ ಆ ಹಾಡಿಗೆ ಈಗ ಡಾಂಬರು ರಸ್ತೆಯಾಗಿದೆಯಂತೆ. ಆ ತಾಯಿಯು ಇದ್ದರೆ ಎಪ್ಪತ್ತು ದಾಟಿರಬೇಕು. ಅವರಿಗೆ ಈಗ ಅಕ್ಷರವು ಬೇಕೋ ಬೇಡವೋ, ನನ್ನನ್ನು ನೋಡಿದರೆ ಸಂತೋಷವೋ ಬೇಸರವೋ ಅರಿಯೆನು. ಆದರೂ ಈ ಬರಹವನ್ನು ಅಂಚೆಗೆ ಹಾಕಿ, ಬರುವ ಗುರುವಾರ ಬೈಂದೂರಿನ ಬಸ್ಸು ಹತ್ತುವೆನು. ಹೊಸ ಸ್ಲೇಟೊಂದನ್ನು ತಂದಿಟ್ಟಿದ್ದೇನೆ. ಹೋದೆನೋ ಇಲ್ಲವೋ ಎಂಬುದನ್ನು ಮುಂದಿನ ತಿಂಗಳು ಇದೇ ಜಗಲಿಯಲ್ಲಿ ನೀವೆಲ್ಲರೂ ಕೇಳಬಹುದು.

ಹೋಗಿ ಬರುತ್ತೇನೆ.